ನಾಲ್ಕು ಊರಿನ ಒಂದು ಆಟೋಕ್ಲೇವ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ದಾವಣಗೆರೆ ಆಗ ಜಿಲ್ಲೆಯಾಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಆದರೆ ನಮ್ಮ ಪೇಪರು ಬೆಳಗಿನ ಬಸ್ಸುಗಳಲ್ಲಿ ಈ ಊರುಗಳಿಗೆಲ್ಲ ಹೋಗುತ್ತಿದ್ದುದರಿಂದ ಅಲ್ಲಿನ ಸುದ್ದಿಯೂ ನನ್ನ ಪಾಲಿಗೆ ಬರುತ್ತಿತ್ತು. ಅಡಿಕೆ ಧಾರಣೆ, ನಾಲೆಯ ನೀರು, ಹೊಸ ಶಾಲೆಯ ಶಂಕುಸ್ಥಾಪನೆ. ಪ್ರಯೋಗಾಲಯದೊಳಗೆ ನಡೆಯುವುದು ಸುದ್ದಿ ಎಂದು ನಮ್ಮ ಸಂಪಾದಕರಿಗಾಗಲಿ ನನಗಾಗಲಿ ಅನ್ನಿಸಿರಲಿಲ್ಲ.

ಜಗಳೂರಿನ ಒಬ್ಬ ಉಪನ್ಯಾಸಕಿ ಮಾತ್ರ ಪ್ರತಿ ಜೂನ್‌ನಲ್ಲಿ ನಮ್ಮ ಕಚೇರಿಗೆ ಬಂದು, ತಮ್ಮ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಹೆಣ್ಣುಮಕ್ಕಳು ಸೇರಬಹುದು ಎಂಬ ನಾಲ್ಕು ಸಾಲು ಹಾಕಿಸಿ ಹೋಗುತ್ತಿದ್ದರು. ಮೂವತ್ತರ ಆಸುಪಾಸಿನವರು, ಕೆಲಸ ಕಾಯಂ ಆಗಿರಲಿಲ್ಲ. ಸಂಜೆ ಹೊತ್ತು ಮನೆ ಮನೆಗೆ ಹೋಗಿ ತಂದೆಯರನ್ನು ಒಪ್ಪಿಸಿ ಹುಡುಗಿಯರನ್ನು ಬಿ.ಎಸ್ಸಿ.ಗೆ ಸೇರಿಸಿಕೊಂಡಿದ್ದರು. ತಂದೆಯರ ಷರತ್ತು ಒಂದೇ: ಓದುವುದೂ ಪರೀಕ್ಷೆಯೂ ಜಗಳೂರಿನಲ್ಲೇ ಆಗಬೇಕು, ಪರೀಕ್ಷೆಗೆಂದು ಬೇರೆ ಊರಿಗೆ ಹೋಗಿ ಉಳಿಯುವಂತಿಲ್ಲ. ಆ ಮೊದಲ ತಂಡ ಕೊನೆಯ ವರ್ಷಕ್ಕೆ ಬಂದಾಗಲೇ ಲ್ಯಾಬುಗಳನ್ನು ತಪಾಸಣೆ ಮಾಡುವ ವಿಶ್ವವಿದ್ಯಾಲಯದ ಸಮಿತಿ ಬಂತು. ಲ್ಯಾಬು ಮುಚ್ಚಿದರೆ ಪರೀಕ್ಷಾ ಕೇಂದ್ರ ದಾವಣಗೆರೆಗೆ ಹೋಗುತ್ತಿತ್ತು, ಆ ಹುಡುಗಿಯರು ಹೋಗುತ್ತಿರಲಿಲ್ಲ. ಮೂರು ವರ್ಷದ ಓದು ಅಲ್ಲಿಗೆ ನಿಲ್ಲುತ್ತಿತ್ತು.

ಸಮಿತಿ ಆದದ್ದಕ್ಕೆ ಬೇರೊಂದು ಕಾಲೇಜಿನ ಹುಡುಗ ಕಾರಣ. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಗಾಜಿನ ನಳಿಕೆಯಲ್ಲಿ ಬಾಯಿಂದ ಎಳೆಯುವಾಗ ಒಂದು ಗುಟುಕು ಒಳಗೆ ಹೋಯಿತು. ಆಗ ಎಲ್ಲರೂ ಬಾಯಿಂದಲೇ ಎಳೆಯುತ್ತಿದ್ದರು, ಕಲಿಸುವವರೂ ಕೂಡ. ಕೆಲವು ದಿನಗಳ ಮೇಲೆ ಹುಡುಗನಿಗೆ ಕರುಳಿನ ಜ್ವರ ಬಂತು. ಉಳಿದುಕೊಂಡ. ಜ್ವರ ಆ ಗುಟುಕಿನಿಂದ ಬಂತೋ ಊರಿನ ನಲ್ಲಿ ನೀರಿನಿಂದ ಬಂತೋ ಯಾರೂ ಸಾಬೀತು ಮಾಡಲಿಲ್ಲ. ನಾನು ವರದಿಯಲ್ಲಿ ಹಾಗೆಯೇ ಬರೆದೆ. ತಂದೆ ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟರು. ಕಾಲೇಜುಗಳಲ್ಲಿ ರೋಗಾಣುಗಳನ್ನು ಹೇಗೆ ಬೆಳೆಸುತ್ತಾರೆ, ಬೆಳೆಸಿದ್ದನ್ನು ಹೇಗೆ ಕೊಲ್ಲುತ್ತಾರೆ ಎಂದು ನೋಡಿಬರಲು ಮೂವರ ಸಮಿತಿಯಾಯಿತು. ಮೂವರಲ್ಲಿ ಒಬ್ಬರು ಹೊರಗಿನವರಿರಲಿ ಎಂದು ಯಾರೋ ಸೂಚಿಸಿದರಂತೆ. ಎರಡೂ ಕಡೆಯ ಮಾತು ಹಾಕಿ ಬರೆದಿದ್ದೇನೆ ಎಂಬ ಕಾರಣಕ್ಕೆ ನನ್ನನ್ನು ಕರೆದರು. ಸಮಿತಿಯ ವರದಿ ಸಲ್ಲಿಕೆಯಾಗುವವರೆಗೆ ಪೇಪರಿನಲ್ಲಿ ಒಂದು ಸಾಲೂ ಹಾಕಬಾರದು ಎಂಬ ಕಟ್ಟುಪಾಡಿಗೆ ನಮ್ಮ ಸಂಪಾದಕರು ಗೊಣಗುತ್ತಲೇ ಒಪ್ಪಿದರು.

ಅಧ್ಯಕ್ಷೆ ಸೂಕ್ಷ್ಮಜೀವಿಶಾಸ್ತ್ರದ ಪ್ರೊಫೆಸರ್. ಮೈಸೂರಿನ ಕಡೆಯವರು, ಮಾತು ಕಡಿಮೆ. ಜೀಪಿನಲ್ಲಿ ತಮ್ಮ ಕಾಲ ಬಳಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡಿದ್ದರು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎರಡನೆಯವರು ನಿವೃತ್ತ ಪ್ರಿನ್ಸಿಪಾಲರು, ಪ್ರಾಣಿಶಾಸ್ತ್ರದವರು, ಹುಟ್ಟಿದ್ದು ಸಂತೇಬೆನ್ನೂರಿನಲ್ಲಿ. ಹೋದಲ್ಲೆಲ್ಲ ಅವರಿಗೊಬ್ಬ ಹಳೆಯ ಶಿಷ್ಯ ಸಿಗುತ್ತಿದ್ದ. ಜಗಳೂರಿನ ಉಪನ್ಯಾಸಕಿಯೂ ಅವರ ಶಿಷ್ಯೆಯೇ. ಅದನ್ನು ಮೊದಲ ದಿನವೇ ಅಧ್ಯಕ್ಷೆಗೆ ಹೇಳಿಬಿಟ್ಟರು.

"ಆಮೇಲೆ ಗೊತ್ತಾಗಿ ನೀವು ತಪ್ಪು ತಿಳ್ಕಳ್ಳದು ಬ್ಯಾಡ ಅಂತ ಈಗ್ಲೇ ಹೇಳ್ತಿದೀನಿ ಮೇಡಂ."

"ಹೇಳಿದ್ದು ಒಳ್ಳೇದಾಯ್ತು. ಅಲ್ಲಿ ನೀವು ಪ್ರಶ್ನೆ ಕೇಳಬೇಡಿ, ನಾನು ಕೇಳ್ತೀನಿ," ಎಂದರು ಅಧ್ಯಕ್ಷೆ.

ಮೊದಲು ಹೋದದ್ದು ಚನ್ನಗಿರಿಗೆ. ನಾವು ನೋಡಿದ ಖಾಸಗಿ ಕಾಲೇಜುಗಳಲ್ಲಿ ಕೆಲವು ಈಗ ಇಲ್ಲ, ಇರುವವೂ ಆಗಿನಂತಿಲ್ಲ. ಲ್ಯಾಬಿನ ನಡುವಿನ ಮೇಜಿನ ಮೇಲೆ ಆಟೋಕ್ಲೇವ್ ಇಟ್ಟಿದ್ದರು. ಆಟೋಕ್ಲೇವ್ ಎಂದರೆ ಹಬೆಯ ಒತ್ತಡದಲ್ಲಿ ಕ್ರಿಮಿಗಳನ್ನು ಕೊಲ್ಲುವ ಯಂತ್ರ. ಮೂರು ಕಾಲಿನ ಮೇಲೆ ನಿಂತ ದೊಡ್ಡ ಪ್ರೆಶರ್ ಕುಕ್ಕರಿನ ಹಾಗೆ ಇರುತ್ತದೆ. ಪಾಠ ಮುಗಿದ ಮೇಲೆ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗಳನ್ನು ಅದರಲ್ಲಿ ಬೇಯಿಸಿಯೇ ತೊಳೆಯಬೇಕು. ಅಲ್ಲಿಯ ಯಂತ್ರದ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ದಾಸವಾಳದ ಹೂವಿಟ್ಟಿದ್ದರು.

"ಬಂದು ಎರಡು ವರ್ಷ ಆತು ಮೇಡಂ," ಎಂದರು ಅಲ್ಲಿನ ಪ್ರಿನ್ಸಿಪಾಲರು.

ಅಧ್ಯಕ್ಷೆ ಯಂತ್ರ ಮುಟ್ಟಲಿಲ್ಲ. ಹಿಂದಿನ ಬಾಗಿಲು ತೆಗೆಸಿ ಹೊರಗೆ ಹೋದರು. ಕಾಂಪೌಂಡಿನ ಮೂಲೆಯಲ್ಲಿ ತಿಪ್ಪೆ ಇತ್ತು. ಅದರಲ್ಲಿ ಒಡೆದ ಪೆಟ್ರಿ ತಟ್ಟೆಗಳು, ತಟ್ಟೆಗಳಲ್ಲಿ ಒಣಗಿದ ಹಳದಿ ಅಂಟು. ಎರಡು ಕೋಳಿ ಕೆದರುತ್ತಿದ್ದವು. ಪಾಠ ಮುಗಿದ ಮೇಲೆ ತಟ್ಟೆಗಳನ್ನು ಏನು ಮಾಡುತ್ತೀರಿ ಎಂದು ಅಟೆಂಡರನ್ನು ಕೇಳಿದರು. ಆತ ಪ್ರಿನ್ಸಿಪಾಲರ ಮುಖ ನೋಡಿ, "ತೊಳಿತೀವ್ರಿ. ಒಡ್ದದ್ದು ಇಲ್ಲಿ ಹಾಕ್ತೀವಿ," ಎಂದ. ಸುಳ್ಳು ಹೇಳಲು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಹೊನ್ನಾಳಿ. ಅಲ್ಲಿಯೂ ಮೇಜಿನ ಮೇಲೆ ಆಟೋಕ್ಲೇವ್. ಮುಚ್ಚಳದ ಮೇಲೆ ವಿಭೂತಿಯ ಗೆರೆಗಳು ಒರೆಸಿ ಹೋಗಿದ್ದರೂ ಬಿಳಿ ಕಲೆ ಉಳಿದಿತ್ತು. ಅದರ ಮೇಲೆ ಹೊಸದಾಗಿ ಅರಿಸಿನ ಕುಂಕುಮ. ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳು, ಒಳಗಿನ್ನೂ ನೀರು ಆರಿರಲಿಲ್ಲ. ಹೊಸ ಯಂತ್ರ ಮನೆಗೋ ಮಿಲ್ಲಿಗೋ ಬಂದರೆ ಕಾಯಿ ಒಡೆಯದೆ ಮುಟ್ಟುವವರು ನಮ್ಮ ಕಡೆ ಇಲ್ಲ. ಕಾಲೇಜಿಗೆ ಬಂದರೂ ಅಷ್ಟೇ.

ಎಷ್ಟು ವರ್ಷದಿಂದ ಇದೆ ಎಂದು ಅಧ್ಯಕ್ಷೆ ಕೇಳಿದರು. ಮೂರು ವರ್ಷ ಎಂದರು ಹೊನ್ನಾಳಿಯ ಪ್ರಿನ್ಸಿಪಾಲರು.

ನಿವೃತ್ತ ಪ್ರಿನ್ಸಿಪಾಲರಿಗೆ ಸುಮ್ಮನಿರಲಾಗಲಿಲ್ಲ. "ಮೂರು ವರ್ಷದ ಮಷೀನಿಗೆ ಇವತ್ತು ಕಾಯಿ ಒಡ್ದೀರಲ್ರೀ?"

"ಇವತ್ತು ಶುಕ್ರವಾರ ಅಲ್ವೇನ್ರೀ ಸಾರ್."

"ಹಂಗಾದ್ರೆ ವಾರಕ್ಕೊಂದು ಕಾಯಿ. ಗಟ್ಟಿ ಕಾಲೇಜು ಬಿಡ್ರಿ."

ಒಮ್ಮೆ ಹಚ್ಚಿ ತೋರಿಸಿ ಎಂದರು ಅಧ್ಯಕ್ಷೆ. ಅಟೆಂಡರ್ ವೈರು ಬಿಚ್ಚಿದ. ಅದರ ತುದಿಯಲ್ಲಿದ್ದದ್ದು ದಪ್ಪ ಮೂರು ಕಡ್ಡಿಯ ಪ್ಲಗ್ಗು. ಇಡೀ ಲ್ಯಾಬಿನಲ್ಲಿ ಅದು ಕೂರುವಂಥ ಸಾಕೆಟ್ ಇರಲಿಲ್ಲ. ಆತ ಗೋಡೆಗುಂಟ ಒಂದು ಸುತ್ತು ಹಾಕಿ ಬಂದ. "ಕರೆಂಟಿಲ್ಲ ಮೇಡಂ," ಎಂದರು ಪ್ರಿನ್ಸಿಪಾಲರು. ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಧ್ಯಕ್ಷೆ ಫ್ಯಾನಿನತ್ತ ನೋಡಲೂ ಇಲ್ಲ. ನನ್ನ ಕಡೆ ತಿರುಗಿ, "ಸಾಕೆಟ್ ಇಲ್ಲ ಅಂತ ಬರ್ಕೊಳ್ಳಿ. ಕರೆಂಟ್ ವಿಷಯ ಬೇಡ," ಎಂದರು.

ನ್ಯಾಮತಿ ಅಲ್ಲಿಂದ ದೂರವಿಲ್ಲ. ನಮ್ಮ ಜೀಪು ಬಂದ ಮೇಲೆ ಯಂತ್ರವೂ ಬಂದು ಸೇರುವಷ್ಟು ಹೊತ್ತನ್ನು ಅಲ್ಲಿನವರು ಹೇಗೋ ಕಳೆಯಬೇಕಾಗಿತ್ತು. ಹಾಗಾಗಿ ನಮ್ಮನ್ನು ನೇರ ಊಟಕ್ಕೆ ಕೂರಿಸಿದರು. ಹೋಳಿಗೆ, ಕಟ್ಟಿನ ಸಾರು, ಮತ್ತೆ ಹೋಳಿಗೆ. ಊಟಕ್ಕಿಟ್ಟ ಮನೆಯ ಜಗುಲಿಯಿಂದ ರಸ್ತೆ ಕಾಣುತ್ತಿತ್ತು. ಹೊನ್ನಾಳಿಯ ಬಸ್ಸು ಬಂದು ನಿಂತಿತು. ಟಾಪಿನಿಂದ ಗೋಣಿಚೀಲ ಸುತ್ತಿದ ಒಂದು ಭಾರದ ವಸ್ತುವನ್ನು ಹಗ್ಗ ಕಟ್ಟಿ ಇಳಿಸಿ, ಇಬ್ಬರು ಹೆಗಲ ಮೇಲೆ ಹೊತ್ತು ಕಾಲೇಜಿನ ಕಡೆ ಹೋದರು. ಗೋಣಿಯ ಕೆಳಗೆ ಮೂರು ಕಾಲು ಕಾಣುತ್ತಿದ್ದವು.

"ಕೈ ತೊಳ್ಕೊಳ್ಳೋಣ. ಬಂತು," ಎಂದರು ಅಧ್ಯಕ್ಷೆ.

ಆ ಸಂಜೆ ಹೊನ್ನಾಳಿಯ ಪ್ರವಾಸಿ ಮಂದಿರದಲ್ಲಿ ನಿವೃತ್ತ ಪ್ರಿನ್ಸಿಪಾಲರು ಹಳೆಯ ಶಿಷ್ಯರಿಂದ ತಿಳಿದ ವಿಷಯ ಬಿಡಿಸಿ ಹೇಳಿದರು. ನಾಲ್ಕೂ ಕಾಲೇಜುಗಳ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಬ್ಬರಿಗೊಬ್ಬರು ಬೀಗರು, ನೆಂಟರು. ಕಮಿಟಿ ಬರುತ್ತದೆ ಎಂದು ತಿಳಿದಾಗ ಕೂತು ಮಾತಾಡಿ, ನಾಲ್ವರೂ ಸೇರಿ ಒಂದು ಯಂತ್ರ ಕೊಂಡಿದ್ದರು. ಕಮಿಟಿ ಎಲ್ಲಿಗೆ ಹೋಗುತ್ತದೋ ಯಂತ್ರವೂ ಅಲ್ಲಿಗೆ.

"ಅವ್ರಿಗೆ ಇದ್ರಾಗೆ ಮೋಸ ಅನ್ಸಲ್ಲ ಮೇಡಂ. ಮದುವೆ ಪಾತ್ರೆ ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗಲ್ವೇ? ಊರಿಗೆ ಒಂದೇ ಕೊಪ್ಪರಿಗೆ. ಬೀಗರ ಮನಿ ಮದುವೆಗೆ ಕೊಡಲ್ಲ ಅನ್ನಾಕೆ ಆಗ್ತೈತಾ?"

"ಮದುವೆ ವರ್ಷಕ್ಕೊಂದು. ಇವರು ಬ್ಯಾಕ್ಟೀರಿಯಾ ಬೆಳೆಸೋದು ವಾರವಾರ. ಮದುವೆ ಪಾತ್ರೆ ಊಟದವರಿಗೆ ಬೇಕು, ಸರಿ. ಇದು ಕಮಿಟಿಗೆ ಬೇಕಾದ್ದಲ್ಲ, ಕಲಿಯೋ ಮಕ್ಕಳಿಗೆ ಬೇಕಾದ್ದು."

ಅಲ್ಲಿಯೇ ಅಧ್ಯಕ್ಷೆ ತಮ್ಮ ನಿಲುವು ಹೇಳಿದರು. ಯಂತ್ರ ಯಾವ ಕಾಲೇಜಿನಲ್ಲಿ ಕಾಯಂ ನಿಲ್ಲುತ್ತದೋ ಅಲ್ಲಿ ಬ್ಯಾಕ್ಟೀರಿಯಾ ಪಾಠ ನಡೆಯಲಿ. ಉಳಿದ ಕಡೆ ಸ್ವಂತದ್ದು ಕೊಳ್ಳುವವರೆಗೆ ಬಂದ್. ಬಂದ್ ಆದ ಕಾಲೇಜಿನವರ ಪ್ರಾಯೋಗಿಕ ಪರೀಕ್ಷೆ ದಾವಣಗೆರೆಯಲ್ಲಿ.

"ಗಂಡುಹುಡುಗ್ರು ಬಸ್ ಹತ್ತಿ ಹೋಗ್ತಾರೆ. ಜಗಳೂರಿನ ಹುಡುಗೇರು ಹೋಗಲ್ಲ," ಎಂದರು ನಿವೃತ್ತ ಪ್ರಿನ್ಸಿಪಾಲರು.

"ಗೊತ್ತು. ಜಗಳೂರು ಇನ್ನೂ ನೋಡಿಲ್ಲ. ನೋಡದೆ ಏನೂ ಹೇಳಲ್ಲ."

ಜಗಳೂರಿಗೆ ಶನಿವಾರ ಬೆಳಿಗ್ಗೆ ಹೊರಟು ದಾವಣಗೆರೆ ದಾಟಿ ಹೋದೆವು. ಶೇಂಗಾ ಕಿತ್ತ ಹೊಲಗಳಲ್ಲಿ ಕುರಿ ಹಿಂಡುಗಳು ನಿಂತಿದ್ದವು. ಕಾಲೇಜಿನ ಬಾಗಿಲಲ್ಲಿ ಕಾರ್ಯದರ್ಶಿ ಹಾರ ಹಿಡಿದು ನಿಂತಿದ್ದರು. ಎಣ್ಣೆ ಮಿಲ್ಲಿನ ಮಾಲೀಕರು, ಬಿಳಿ ಪಂಚೆ, ದೊಡ್ಡ ದನಿ. ಮೊದಲು ತಿಂಡಿ ಆಗಬೇಕೆಂದು ಹಟ ಹಿಡಿದರು. ಇಡ್ಲಿ, ಶೇಂಗಾ ಚಟ್ನಿ. ಇಡ್ಲಿ ಚೆನ್ನಾಗಿದ್ದವು. ನಿವೃತ್ತ ಪ್ರಿನ್ಸಿಪಾಲರು ಮೂರು ಸಲ ಹಾಕಿಸಿಕೊಂಡರು.

ಲ್ಯಾಬಿನಲ್ಲಿ ಹುಡುಗಿಯರು ಗೋಡೆಗುಂಟ ನಿಂತಿದ್ದರು. ಮೇಜಿನ ಮೇಲೆ ಅದೇ ಯಂತ್ರ. ಕುಂಕುಮದ ಮೇಲೆ ಈಗ ಒಂದು ನಿಂಬೆಹಣ್ಣೂ ಇತ್ತು. ಉಪನ್ಯಾಸಕಿ ಯಂತ್ರದ ಹತ್ತಿರ ನಿಂತಿರಲಿಲ್ಲ, ಕಿಟಕಿಯ ಬಳಿ ಇದ್ದರು.

ಅಧ್ಯಕ್ಷೆ ಅವರನ್ನೇ ಕೇಳಿದರು. "ಈ ಯಂತ್ರ ನಿಮ್ಮದಾ?"

"ನಮ್ದೇ ಮೇಡಂ," ಎಂದು ಕಾರ್ಯದರ್ಶಿ ಮುಂದೆ ಬಂದರು. "ಅದ್ರಾಗೆ ನಮ್ದೂ ಪಾಲೈತೆ."

ಉಪನ್ಯಾಸಕಿ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದರು. ಹೌದು ಎಂದರೆ ಆ ಮಾತು ಸಾಕಾಗುತ್ತದೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಮೂರು ಊರಿನಲ್ಲಿ ನಾವು ಏನು ನೋಡಿ ಬಂದಿದ್ದೇವೆ ಎಂಬುದೂ ಗೊತ್ತಿರಲಿಲ್ಲ. ಅಲ್ಲ ಎಂದರೆ ಮಾತ್ರ ಏನಾಗಬಹುದು ಎಂದು ಚೆನ್ನಾಗಿ ಗೊತ್ತಿತ್ತು. ಅವರ ನೇಮಕದ ಮುಂದುವರಿಕೆ ಪ್ರತಿ ವರ್ಷ ಇದೇ ಕಾರ್ಯದರ್ಶಿಯ ಕೈಯಲ್ಲಿತ್ತು.

"ಇದು ಬೆಳಿಗ್ಗೆ ಬಸ್ಸಿಗೆ ಬಂತು ಮೇಡಂ. ನಾವು ಒಂದು ಸಲನೂ ಹಚ್ಚಿಲ್ಲ."

"ತಂಗೀ, ಕೇಳಿದ್ದಕ್ಕೆ ಅಷ್ಟೇ ಹೇಳವ್ವ," ಎಂದರು ಕಾರ್ಯದರ್ಶಿ.

"ಕೇಳಿದ್ದು ಅದೇ ಅಲ್ವೇನ್ರೀ ಸಾರ್."

ಹುಡುಗಿಯರಲ್ಲಿ ಒಬ್ಬಳು ನಕ್ಕು ಬಾಯಿಗೆ ಸೆರಗು ಹಿಡಿದಳು. ಕಾರ್ಯದರ್ಶಿ ಅವಳತ್ತ ಕಣ್ಣು ಬಿಟ್ಟರು. ಅವಳು ಅವರ ತಮ್ಮನ ಮಗಳೇ ಎಂದು ಆಮೇಲೆ ತಿಳಿಯಿತು.

ಹಾಗಾದರೆ ತಟ್ಟೆಗಳನ್ನು ಹೇಗೆ ಶುದ್ಧ ಮಾಡುತ್ತೀರಿ ಎಂದು ಅಧ್ಯಕ್ಷೆ ಕೇಳಿದರು. ಉಪನ್ಯಾಸಕಿ ನಮ್ಮನ್ನು ಹಿಂದಿನ ತಗಡಿನ ಶೆಡ್ಡಿಗೆ ಕರೆದೊಯ್ದರು. ಮೂರು ಕಲ್ಲಿನ ಒಲೆಯ ಮೇಲೆ ಒಂದು ದೊಡ್ಡ ಅಲ್ಯೂಮಿನಿಯಂ ಇಡ್ಲಿ ಪಾತ್ರೆ, ಅದರ ಹೊಟ್ಟೆಯಲ್ಲಿ ಪೆಟ್ರಿ ತಟ್ಟೆಗಳು. ಬರೀ ಹಬೆಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕೆಲವು ಗಟ್ಟಿ ಚಿಪ್ಪಿನೊಳಗೆ ಬೀಜದಂತೆ ಮಲಗಿ ಉಳಿಯುತ್ತವೆ. ಅವು ಎಚ್ಚರಾಗಲೆಂದು ಒಂದು ರಾತ್ರಿ ಬಿಟ್ಟು ಮತ್ತೆ ಹಬೆ, ಅದರ ಮರುದಿನ ಇನ್ನೊಮ್ಮೆ. ಆಟೋಕ್ಲೇವ್ ಇಲ್ಲದ ಕಾಲದ ವಿಧಾನ, ಪುಸ್ತಕದಲ್ಲಿದೆ. ಅಧ್ಯಕ್ಷೆ ತಲೆಯಾಡಿಸಿದರು. ಅದು ಒಪ್ಪಿಗೆಯೋ, ಮುಂದೆ ಹೇಳಿ ಎಂದೋ ತಿಳಿಯಲಿಲ್ಲ.

ನಿವೃತ್ತ ಪ್ರಿನ್ಸಿಪಾಲರು ಪಾತ್ರೆಯನ್ನೇ ನೋಡುತ್ತಿದ್ದರು. "ಬೆಳಿಗ್ಗೆ ಇಡ್ಲಿ ಬೇಸಿದ್ದು ಯಾವ್ದ್ರಾಗವ್ವ?"

"ಇದ್ರಾಗೇ ಸಾರ್. ಇದು ಹಾಸ್ಟೆಲ್‌ದು. ಲ್ಯಾಬಿಗೆ ಬೇರೆ ಕೊಡ್ಸಿ ಅಂತ ಕೇಳಿ ಕೇಳಿ ಸಾಕಾತು. ಇವತ್ತು ಬೆಳಿಗ್ಗೆ ಈ ತಟ್ಟೆಗಳಿಗೆ ಮೂರನೇ ಸಲ ಹಬೆ ಹಿಡೀಬೇಕಿತ್ತು. ಕಮಿಟಿಗೆ ಇಡ್ಲಿ ಆಗ್ಬೇಕು ಅಂತ ಅಡಿಗೆಯವ್ರು ಬಂದು ಪಾತ್ರೆ ಎತ್ಕಂಡು ಹೋದ್ರು. ಈಗಷ್ಟೇ ವಾಪಸ್ ತಂದಿಟ್ರು."

ನಿವೃತ್ತ ಪ್ರಿನ್ಸಿಪಾಲರು ಅಲ್ಲಿದ್ದ ಕಲ್ಲಿನ ಮೇಲೆ ಕೂತರು.

"ನಾನೂ ತಿಂದಿದೀನಿ," ಎಂದರು ಅಧ್ಯಕ್ಷೆ. "ಬರ್ಕೊಳ್ಳಿ. ಅಡಿಗೆ ಪಾತ್ರೆ ಮತ್ತು ಲ್ಯಾಬ್ ಪಾತ್ರೆ ಒಂದೇ. ಸಮಿತಿಯೂ ಅದರಲ್ಲೇ ತಿಂದಿದೆ."

ಆಮೇಲೆ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಂದರ ಮೇಲೆ ಅಂಟಿಸಿದ ಚೀಟಿಯಲ್ಲಿ ಹಟ್ಟಿ ಮಣ್ಣು ಎಂದಿತ್ತು. ಅವರ ದನಿ ಬದಲಾಯಿತು. "ಇದು ಎಲ್ಲಿಯ ಮಣ್ಣು?"

ಹುಡುಗಿಯರು ಮನೆಯ ಹತ್ತಿರದ ಮಣ್ಣನ್ನು ತಂದು ಅದರಲ್ಲಿರುವ ಜೀವಿಗಳನ್ನು ಬೆಳೆಸುವ ಪಾಠ ಅದು. ಕಾರ್ಯದರ್ಶಿಗಳ ತಮ್ಮನ ಮಗಳು ತಂದದ್ದು ಅವರ ಕುರಿಹಟ್ಟಿಯ ಹಿಂದಿನ ಮಣ್ಣು.

"ಕುರಿ ಸತ್ತ ಜಾಗವಾ?"

"ನಾನು ತಂದ ಜಾಗ ಅಲ್ಲ ರೀ. ಆ ಕಡೆ ಹೋದ ವರ್ಷ ಎರಡು ಸತ್ತಿದ್ವು."

"ಹೇಗೆ ಸತ್ತವು?"

"ಒಮ್ಮೆಗೇ ಬಿದ್ವು. ಮೂಗಿನಾಗೆ ರಕ್ತ ಬಂದಿತ್ತು ಅಂತ ನಮ್ಮಪ್ಪ ಅಂತಿದ್ರು."

ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕುರಿ ಸಾಕುವ ಸೀಮೆಯಲ್ಲಿ ಹೇಳಬೇಕಾಗಿಯೂ ಇರಲಿಲ್ಲ. ಅದರ ಕ್ರಿಮಿ ಮಣ್ಣಿನಲ್ಲಿ ಚಿಪ್ಪು ಕಟ್ಟಿಕೊಂಡು ವರ್ಷಗಟ್ಟಲೆ ಮಲಗಿರುತ್ತದೆ, ಮನುಷ್ಯರಿಗೂ ತಗಲುತ್ತದೆ. ಈ ತಟ್ಟೆಗೆ ಮೂರನೆಯ ಹಬೆ ಆಗಿರಲಿಲ್ಲ.

ಅಧ್ಯಕ್ಷೆ ತಟ್ಟೆಗಳನ್ನು ಲ್ಯಾಬಿಗೆ ಒಯ್ದು ತಮ್ಮ ಮರದ ಪೆಟ್ಟಿಗೆ ತರಿಸಿದರು. ಒಳಗೆ ಅವರೇ ಸಿದ್ಧಮಾಡಿ ತಂದ ಶುದ್ಧ ತಟ್ಟೆಗಳಿದ್ದವು. ಹುಡುಗಿಯರನ್ನೂ ಕಾರ್ಯದರ್ಶಿಯನ್ನೂ ಹೊರಗೆ ಕಳಿಸಿ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿದರು. ಸ್ಪಿರಿಟ್ ದೀಪದಲ್ಲಿ ತಂತಿ ಕಾಯಿಸಿ, ಹಿಂದಿನ ವಾರವೇ ಮೂರೂ ಹಬೆ ಆಗಿದ್ದ ಬೇರೆ ಎರಡು ತಟ್ಟೆಗಳಿಂದಲೂ ಹಟ್ಟಿ ಮಣ್ಣಿನ ತಟ್ಟೆಯಿಂದಲೂ ಒಂದೊಂದು ಚೂರು ತೆಗೆದು ತಮ್ಮ ತಟ್ಟೆಗಳಿಗೆ ಗೀರಿದರು. ಅವನ್ನು ಕಾಲೇಜಿನ ಇನ್‌ಕ್ಯುಬೇಟರಿನಲ್ಲಿ ಇಟ್ಟು ಬೀಗ ಹಾಕಿ ಕೀಲಿ ತಮ್ಮ ಹತ್ತಿರ ಇಟ್ಟುಕೊಂಡರು. ಇನ್‌ಕ್ಯುಬೇಟರ್ ಎಂದರೆ ಒಳಗೆ ಬಲ್ಬು ಹಚ್ಚಿದ ಒಂದು ಮರದ ಕಪಾಟು.

"ನಾಳೆ ನೋಡೋಣ. ಅಲ್ಲೀವರೆಗೆ ಇಡ್ಲಿ ಪಾತ್ರೆಯನ್ನ ಯಾರೂ ಮುಟ್ಟಬಾರದು."

ಹೊರಗೆ ಕಾರ್ಯದರ್ಶಿಗಳು ಉಪನ್ಯಾಸಕಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಮಷೀನ್ ಐತೆ ಅಂದಿದ್ರೆ ಇಷ್ಟೆಲ್ಲ ಆಗ್ತಿತ್ತೇನವ್ವ?" ಉಪನ್ಯಾಸಕಿ ಆಗ ಹುಡುಗಿಯರಿಗೆ ಸೋಪು ಕೊಟ್ಟು ಕೈ ತೊಳೆಸುತ್ತಿದ್ದರು, ಎರಡನೆಯ ಸಲ.

ನಿವೃತ್ತ ಪ್ರಿನ್ಸಿಪಾಲರು ಆ ದಿನ ಮತ್ತೇನೂ ತಿನ್ನಲಿಲ್ಲ. ಇಡ್ಲಿಯ ಹಬೆಯಲ್ಲೇ ಪಾತ್ರೆಯೂ ಬೆಂದಿದೆ, ಹೆದರಬೇಡಿ ಎಂದು ಅಧ್ಯಕ್ಷೆ ಹೇಳಿದರೆ, "ಹೆದರಿಕೆ ಅಲ್ಲ ಮೇಡಂ, ಹಸಿವಿಲ್ಲ," ಎಂದರು.

ಮರುದಿನ ಭಾನುವಾರ. ಕಪಾಟು ತೆಗೆದಾಗ ಅಧ್ಯಕ್ಷೆ, ಉಪನ್ಯಾಸಕಿ, ನಿವೃತ್ತ ಪ್ರಿನ್ಸಿಪಾಲರು, ನಾನು ಇದ್ದೆವು. ಮೂರು ಸಲ ಹಬೆ ಹಿಡಿದ ಎರಡು ತಟ್ಟೆಗಳಿಂದ ಗೀರಿದ ಕಡೆ ಏನೂ ಬೆಳೆದಿರಲಿಲ್ಲ. ಮೂರನೆಯದರಲ್ಲಿ ಗೀರಿನಗುಂಟ ಬೂದಿ ಬಣ್ಣದ ಒರಟು ಚುಕ್ಕೆಗಳೆದ್ದಿದ್ದವು. ಉಪನ್ಯಾಸಕಿ ಬಗ್ಗಿ ಅದನ್ನೇ ನೋಡಿದರು. ನೆರಡಿಯದ್ದೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿದ್ದರೆ ಆ ಕೋಣೆಗೆ ಬೀಗ ಬಿದ್ದು ಮತ್ತೆ ತೆರೆಯುತ್ತಿರಲಿಲ್ಲ.

"ನೆರಡಿಯದ್ದು ಕಡ್ಡಿ ಹಾಗಿರುತ್ತೆ, ಚಲಿಸೋದಿಲ್ಲ," ಎಂದರು ಅಧ್ಯಕ್ಷೆ ನನಗೆ. "ಹುಲ್ಲಲ್ಲಿ, ಮಣ್ಣಲ್ಲಿ ಇರೋ ಸಾಧು ಜಾತಿಯದ್ದು ಈಜುತ್ತೆ."

ಕೈಗವಸು ಹಾಕಿ, ಒಂದು ಹನಿಯನ್ನು ಗಾಜಿನ ಮೇಲೆ ತೆಗೆದು, ಅಂಚಿಗೆ ವ್ಯಾಸಲೀನ್ ಮೆತ್ತಿ ಮುಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ತುಂಬ ಹೊತ್ತು ನೋಡಿದರು. ಹೊರಗೆ ಯಾರೋ ಎತ್ತಿನ ಗಾಡಿ ಬಿಡುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ತಲೆ ಎತ್ತದೆಯೇ, "ಬನ್ನಿ, ನೀವು ನೋಡಿ," ಎಂದು ಉಪನ್ಯಾಸಕಿಯನ್ನು ಕರೆದರು.

ಅವರು ನೋಡಿದರು. "ಈಜ್ತಾ ಇದಾವೆ ಮೇಡಂ."

"ಪೇಪರಿನವರೂ ನೋಡಲಿ."

ನಾನು ನೋಡಿದೆ. ಸಣ್ಣ ಕಡ್ಡಿಗಳು ಅಡ್ಡಾದಿಡ್ಡಿ ಓಡುತ್ತಿದ್ದವು. ನಿವೃತ್ತ ಪ್ರಿನ್ಸಿಪಾಲರು ಕೊನೆಗೆ ನೋಡಿ, "ಈಜ್ರಪ್ಪ, ಚೆನ್ನಾಗಿ ಈಜ್ರಿ," ಎಂದರು. ಖಚಿತಪಡಿಸಿಕೊಳ್ಳಲು ಅಧ್ಯಕ್ಷೆ ಆ ತಟ್ಟೆಯನ್ನು ಮೊಹರು ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಅದು ನೆರಡಿಯದ್ದಲ್ಲ ಎಂದೇ ಆಮೇಲೆ ಗೊತ್ತಾಯಿತು.

ಕಾರ್ಯದರ್ಶಿಯನ್ನೂ ಹುಡುಗಿಯರನ್ನೂ ಒಳಗೆ ಕರೆಸಿ ಅಧ್ಯಕ್ಷೆ ತೀರ್ಮಾನ ಹೇಳಿದರು. ಹಟ್ಟಿ ಮಣ್ಣು, ಚರಂಡಿ ನೀರು ಇನ್ನು ಲ್ಯಾಬಿಗೆ ಬರಕೂಡದು. ಮೊಸರು ಮತ್ತು ಶೇಂಗಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಸಾಕು, ಪಾಠ ಅಷ್ಟರಲ್ಲೇ ಆಗುತ್ತದೆ. ಬಾಯಿಂದ ನಳಿಕೆ ಎಳೆಯಬಾರದು. ಇಡ್ಲಿ ಪಾತ್ರೆ ಲ್ಯಾಬಿಗೂ ಬೇಡ, ಅಡಿಗೆಮನೆಗೂ ಬೇಡ. ಮುಖ್ಯವಾಗಿ, ಆಟೋಕ್ಲೇವ್ ಕಾಯಂ ಇದ್ದರೆ ಮಾತ್ರ ಲ್ಯಾಬು, ಪರೀಕ್ಷೆ.

"ಇದೇ ಮಾತನ್ನ ಬೇರೆ ಮೂರು ಕಾಲೇಜಿಗೂ ಬರೀತೀನಿ. ಪರೀಕ್ಷೆಗೆ ಮೊದಲು ಹೇಳದೆ ಬರ್ತೀನಿ. ಆ ದಿನ ಯಂತ್ರ ಎಲ್ಲಿ ಕೆಲಸ ಮಾಡ್ತಾ ಇರುತ್ತೋ ಅಲ್ಲಿ ಪರೀಕ್ಷೆ."

"ಅದು ನಾಳೆ ಚನ್ನಗಿರಿಗೆ ವಾಪಸ್ ಹೋಗ್ಬೇಕಲ್ಲ ಮೇಡಂ," ಎಂದರು ಕಾರ್ಯದರ್ಶಿ. "ಮಾತು ಹಂಗಾಗೈತೆ."

"ಅದು ನಿಮ್ಮ ನೆಂಟಸ್ತಿಕೆ ವಿಷಯ."

ಅವರ ತಮ್ಮನ ಮಗಳು ಮುಂದೆ ಬಂದಳು. "ದೊಡ್ಡಪ್ಪ, ಅದು ಹೋದ್ರೆ ನಮ್ದು ಪರೀಕ್ಷೆ ಹೋತು. ಅಪ್ಪ ದಾವಣಗೆರೆಗೆ ಕಳ್ಸಲ್ಲ. ನೀವೇ ಹೇಳ್ಕೊಟ್ಟೀರಲ್ಲ ಅವರಿಗೆ, ಕಳ್ಸಬ್ಯಾಡ ಅಂತ."

"ಯವ್ವಾ, ಬೀಗರಿಗೆ ಏನಂತ ಹೇಳ್ಲಿ?"

"ಹೇಳಾಕೆ ಏನೂ ಇರ್ಬಾರ್ದು, ಹಂಗೆ ಮಾಡಾನ ಸಾರ್," ಎಂದರು ಉಪನ್ಯಾಸಕಿ. "ನಿಮ್ಮ ಮಿಲ್ಲಿನಾಗೆ ಎಂಜಿನ್ ಕೂರಿಸ್ತಾರಲ್ಲ, ಆ ಗಾರೆ ಮೇಸ್ತ್ರಿನ ಒಂದು ಗಂಟೆ ಕಳ್ಸಿ. ಕರೆಂಟಿನವ್ರನ್ನೂ."

ಕಾರ್ಯದರ್ಶಿಗಳು ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ಪೆಟ್ಟಿಗೆಯ ಬೀಗ ಹಾಕುವುದರಲ್ಲಿದ್ದರು. ನಾವು ಹೊರಡುವವರೆಗೂ ಕಾರ್ಯದರ್ಶಿಗಳು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಉಪನ್ಯಾಸಕಿ ಹೇಳಿದ್ದನ್ನೂ, ಯಂತ್ರ ತರಲು ಹೋಗಿದ್ದ ಚನ್ನಗಿರಿಯ ಅಟೆಂಡರ್ ಹೇಳಿದ್ದನ್ನೂ ಕೇಳಿದ್ದೇನೆ. ಇಬ್ಬರ ಮಾತಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಅಟೆಂಡರ್ ಹೋಗುವ ಹೊತ್ತಿಗೆ ಯಂತ್ರದ ಮೂರು ಕಾಲೂ ಗಾರೆಯಲ್ಲಿ ಮೊಣಕಾಲುದ್ದ ಹೂತಿದ್ದವು ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅಟೆಂಡರ್ ಜೊತೆ ಬಂದಿದ್ದ ಇಬ್ಬರು ಯಂತ್ರವನ್ನು ಅಲ್ಲಾಡಿಸಿ ನೋಡಿದರಂತೆ. ಗಾರೆ ಇನ್ನೂ ಹಸಿ ಇತ್ತೆಂದೂ, ಜೋರು ಮಾಡಿದ್ದರೆ ಬರುತ್ತಿತ್ತೆಂದೂ ಅಟೆಂಡರ್ ಹೇಳುತ್ತಾನೆ. ಒಣಗಿತ್ತು ಎನ್ನುತ್ತಾರೆ ಉಪನ್ಯಾಸಕಿ. "ಹುಡುಗೇರು ಸುತ್ತ ನಿಂತ್ಬಿಟ್ಟಿದ್ರು ರೀ. ಹೆಣ್ಮಕ್ಳ ನಡುವೆ ಹೆಂಗೆ ಕೈ ಹಾಕದು? ವಾಪಸ್ ಬಂದ್ವಿ," ಎಂದ ಅಟೆಂಡರ್. ಕಾರ್ಯದರ್ಶಿಗಳು ಆ ದಿನ ಮಿಲ್ಲಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಹೊನ್ನಾಳಿಯ ಬೀಗರು ಆಮೇಲೆ ಅವರ ಮನೆಯಲ್ಲಾದ ಮದುವೆಗೆ ಬರಲಿಲ್ಲ.

ಉಳಿದ ಮೂರು ಊರಿನ ವಿದ್ಯಾರ್ಥಿಗಳು ಆ ವರ್ಷ ದಾವಣಗೆರೆಗೆ ಹೋಗಿ ಪರೀಕ್ಷೆ ಕೊಟ್ಟರು. ಅವರಿಗೆ ತೊಂದರೆಯಾಯಿತು, ಅದೂ ನಿಜ. ನಾವು ವರದಿ ಸಲ್ಲಿಸಿದ ಮೇಲೆ ಪತ್ರಿಕೆಯಲ್ಲಿ ಅದನ್ನೂ ಬರೆದೆ. ಹೊನ್ನಾಳಿ ಮತ್ತು ಚನ್ನಗಿರಿಯವರು ಮರುವರ್ಷ ಸ್ವಂತ ಯಂತ್ರ ಕೊಂಡರು. ನ್ಯಾಮತಿಯವರು ಆ ಪಾಠವನ್ನೇ ಕೈಬಿಟ್ಟರು.

ಪರೀಕ್ಷೆಗೆ ಮೊದಲು ಅಧ್ಯಕ್ಷೆ ಹೇಳಿದ ಹಾಗೆಯೇ ಹೇಳದೆ ಬಂದರು. ದಾವಣಗೆರೆಯಲ್ಲಿ ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ಜಗಳೂರಿನ ಲ್ಯಾಬಿನಲ್ಲಿ ಯಂತ್ರ ಹಬೆ ಬಿಡುತ್ತಿತ್ತು. ಗೋಡೆಯಲ್ಲಿ ಹೊಸ ದಪ್ಪ ಸಾಕೆಟ್ಟು. ಹುಡುಗಿಯೊಬ್ಬಳು ಒತ್ತಡದ ಮುಳ್ಳನ್ನೂ ಗಡಿಯಾರವನ್ನೂ ಒಂದಾದ ಮೇಲೊಂದು ನೋಡುತ್ತ ನಿಂತಿದ್ದಳು, ನಮ್ಮ ಕಡೆ ತಿರುಗಲಿಲ್ಲ. ಅಧ್ಯಕ್ಷೆ ಬಗ್ಗಿ ಗಾರೆಯ ಕಟ್ಟೆಯನ್ನು ಬೆರಳಿಂದ ತಟ್ಟಿದರು.

"ಇದು ಕೆಟ್ಟರೆ ರಿಪೇರಿಗೆ ಹೇಗೆ ತೊಗೊಂಡು ಹೋಗ್ತೀರಿ?"

"ರಿಪೇರಿಯವ್ರೇ ಇಲ್ಲಿಗೆ ಬರ್ಬೇಕು ಮೇಡಂ," ಎಂದರು ಉಪನ್ಯಾಸಕಿ.

ಪರೀಕ್ಷೆ ಜಗಳೂರಿನಲ್ಲೇ ಆಯಿತು. ಹುಡುಗಿಯರೆಲ್ಲ ಶೇಂಗಾ ಬೇರಿನ ಗಂಟು ಕೊಯ್ದು, ಗಾಜಿಗೆ ಸವರಿ, ಬಣ್ಣ ಹಚ್ಚಿ ತೋರಿಸಿದರು. ಒಬ್ಬಳು ಸ್ಲೈಡ್ ಒಡೆದುಕೊಂಡು ಫೇಲಾದಳು, ಅಕ್ಟೋಬರಿನಲ್ಲಿ ಮತ್ತೆ ಅದೇ ಕೋಣೆಯಲ್ಲಿ ಕೂತು ಪಾಸಾದಳು.